ಅರ್ಥ ಆಗುತ್ತೆ, ಬಾಯಿಗೆ ಬರಲ್ಲ

ಮೊನ್ನೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕೇಳಿದಳು. "ಅಕ್ಕಾ, ಇಂಗ್ಲಿಷ್ ಸಿನಿಮಾ ನೋಡ್ತೀನಿ, ಪೇಪರ್ ಓದ್ತೀನಿ, ಎಲ್ಲಾ ಅರ್ಥ ಆಗುತ್ತೆ. ಮಾತಾಡೋಕೆ ಹೋದ್ರೆ ಮಾತ್ರ ಒಂದು ವಾಕ್ಯ ನೆಟ್ಟಗೆ ಬರಲ್ಲ. ಯಾಕಕ್ಕಾ?" ಅವತ್ತು ಎರಡು ಮಾತಿನಲ್ಲಿ ಏನೋ ಹೇಳಿದೆ. ನನಗೇ ಸಮಾಧಾನ ಆಗಲಿಲ್ಲ. ಇದೇ ಕಷ್ಟವನ್ನು ನಾನೂ ವರ್ಷಗಟ್ಟಲೆ ಪಟ್ಟವಳು. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಭಾಷೆ ಕಲಿಯುವವರಿಗೆ ಎಲ್ಲರೂ ಕೊಡುವ ಸಲಹೆ ಎರಡು. ಒಂದು, "ಓದು, ಕೇಳು, ತಾನಾಗಿಯೇ ಬರುತ್ತೆ." ಇನ್ನೊಂದು, "ತಪ್ಪಾದರೂ ಪರವಾಗಿಲ್ಲ, ಮಾತಾಡ್ತಾ ಹೋಗು." ಎರಡರಲ್ಲೂ ನಿಜ ಇದೆ. ಆದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಮೊದಲನೆಯದನ್ನೇ ನೋಡಿ. ಕೆನಡಾದಲ್ಲಿ 1965ರಲ್ಲಿ ಒಂದು ಪ್ರಯೋಗ ಶುರುವಾಯಿತು. ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಶಾಲೆಯಲ್ಲಿ ಫ್ರೆಂಚ್‌ನಲ್ಲೇ ಪಾಠ. ಆಮೇಲೆ ಇದು ಬೇರೆ ಕಡೆಗೂ ಹಬ್ಬಿತು. ಇಂಥ ಮಕ್ಕಳನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬ ಸಂಶೋಧಕಿ 1985ರಲ್ಲಿ ಒಂದು ಮುಖ್ಯವಾದ ಮಾತು ಬರೆದರು. ವರ್ಷಗಟ್ಟಲೆ ಫ್ರೆಂಚ್ ಕಿವಿಗೆ ಬಿದ್ದ ಆ ಮಕ್ಕಳಿಗೆ ಅರ್ಥ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಮಾತಿನಲ್ಲಿ ವ್ಯಾಕರಣದ ತಪ್ಪುಗಳು ಉಳಿದೇ ಇದ್ದವು. ಕೇಳುವಾಗ ನಾವು ವಾಕ್ಯದ ನಾಲ್ಕು ಪದ ಹಿಡಿದು ಅರ್ಥ ಊಹಿಸಿಬಿಡಬಹುದು. ಹೇಳುವಾಗ ಹಾಗಾಗಲ್ಲ. ಪ್ರತಿಯೊಂದು ಪದವನ್ನೂ ನಾವೇ ಹುಡುಕಿ, ನಾವೇ ಜೋಡಿಸಬೇಕು. ಆ ಕೆಲಸ ಅವರಿಗೆ ಸಾಕಷ್ಟು ಸಿಕ್ಕಿರಲಿಲ್ಲ ಅನ್ನುವುದು ಸ್ವೇನ್ ಅವರ ವಾದ.

ಹಾಗಾದರೆ ಸುಮ್ನೆ ಮಾತಾಡ್ತಾ ಹೋದರೆ ಸಾಕಾ? ಅದೂ ಸಾಲದು. ರಿಚರ್ಡ್ ಶ್ಮಿಟ್ ಎಂಬ ಸಂಶೋಧಕ ಹವಾಯಿಯಲ್ಲಿ ನೆಲೆಸಿದ್ದ ಒಬ್ಬ ಜಪಾನಿ ಕಲಾವಿದರ ಇಂಗ್ಲಿಷನ್ನು ಸುಮಾರು ಮೂರು ವರ್ಷ ಗಮನಿಸಿ 1983ರಲ್ಲಿ ಬರೆದರು. ಆ ಕಲಾವಿದರು ದಿನವೂ ಇಂಗ್ಲಿಷ್‌ನಲ್ಲೇ ವ್ಯವಹರಿಸುತ್ತಿದ್ದರು. ಸಂಕೋಚ ಇಲ್ಲದೆ ಮಾತಾಡುತ್ತಿದ್ದರು, ಸ್ನೇಹಿತರೂ ಇದ್ದರು. ಮಾತಿನ ಓಟ ಹೆಚ್ಚಿತು, ವ್ಯಾಕರಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅವರ ಕೆಲಸಕ್ಕೆ ಅಷ್ಟು ಸಾಕಾಗಿರಬಹುದು, ಅದು ತಪ್ಪೇನಲ್ಲ. ಆದರೆ ಭಾಷೆ ಸುಧಾರಿಸಬೇಕು ಅಂತ ಆಸೆ ಇರುವವರಿಗೆ ಇನ್ನೊಂದು ಬೇಕು.

ಆ ಇನ್ನೊಂದು ಏನು ಅಂತ ನನಗೆ ಗೊತ್ತಾಗಿದ್ದು ನನ್ನದೇ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ. ಒಂದು ಚಿಕ್ಕ ಕಥೆ ಓದಿ, ಪುಸ್ತಕ ಮುಚ್ಚಿ, ಇಂಗ್ಲಿಷ್‌ನಲ್ಲಿ ಹೇಳಿದೆ. ನಾನು ಹೇಳಿದ್ದು, "ಹಿ ವಾಸ್ ವೇಟಿಂಗ್ ಸಿನ್ಸ್ ಒನ್ ಅವರ್." ಪುಸ್ತಕದಲ್ಲಿ ಇದ್ದದ್ದು, "ಹಿ ಹ್ಯಾಡ್ ಬೀನ್ ವೇಟಿಂಗ್ ಫಾರ್ ಆನ್ ಅವರ್." ಹತ್ತು ನಿಮಿಷದ ಹಿಂದಷ್ಟೇ ನನ್ನ ಕಣ್ಣಿಂದ ಓದಿದ ವಾಕ್ಯ! ಓದುವಾಗ ಅರ್ಥ ಸಿಕ್ಕಿತು, ಮುಂದೆ ಹೋದೆ. 'ಫಾರ್' ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. 'ಸಿನ್ಸ್' ಎಲ್ಲಿಂದ ಬಂತು? ಕನ್ನಡದ "ಒಂದು ಗಂಟೆಯಿಂದ ಕಾಯುತ್ತಿದ್ದ" ಅನ್ನುವುದರ 'ಇಂದ'ದಿಂದ. "ಅದರ ಬಗ್ಗೆ ಚರ್ಚಿಸಿದೆವು" ಅನ್ನುವ ಅಭ್ಯಾಸದಲ್ಲೇ ನಾವು "ಡಿಸ್ಕಸ್ಡ್ ಅಬೌಟ್ ಇಟ್" ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ 'ಡಿಸ್ಕಸ್' ಪಕ್ಕ ಆ 'ಅಬೌಟ್' ಬೇಕಿಲ್ಲ. ಇದು ದಡ್ಡತನ ಅಲ್ಲ. ಮೊದಲ ಭಾಷೆ ಎರಡನೆಯದಕ್ಕೆ ಕೈ ಹಿಡಿದು ದಾರಿ ತೋರಿಸುತ್ತದೆ, ಕೆಲವು ಸಲ ಆ ದಾರಿ ಬೇರೆ ಕಡೆ ಹೋಗುತ್ತದೆ, ಅಷ್ಟೇ.

ಅದೇ ಶ್ಮಿಟ್ ಬ್ರೆಜಿಲ್‌ನಲ್ಲಿದ್ದ ಐದು ತಿಂಗಳು ತಾವೇ ಪೋರ್ಚುಗೀಸ್ ಕಲಿತು ದಿನಚರಿ ಬರೆದಿಟ್ಟಿದ್ದರು. ತರಗತಿಯಲ್ಲಿ ಒಂದು ಕ್ರಿಯಾಪದದ ರೂಪ ಕಲಿತ ಮೇಲೆ ಅದು ಹೊರಗೆ ಜನರ ಬಾಯಲ್ಲಿ ಕೇಳಿಸತೊಡಗುತ್ತಿತ್ತು. ಅದಕ್ಕೂ ಮುಂಚೆಯೂ ಜನ ಅದನ್ನು ಆಡುತ್ತಲೇ ಇದ್ದರು. ಇವರ ಗಮನಕ್ಕೆ ಬಂದಿರಲಿಲ್ಲ. ನಾನು ಹೇಳಿದ ಆ 'ಇನ್ನೊಂದು' ಅಂದರೆ ಈ ಗಮನವೇ.

ಹೀಗೆ ಗಮನ ತರಿಸುವ ಅಭ್ಯಾಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಮುತ್ಸದ್ದಿ, ಬರಹಗಾರ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಮಾಡಿದ್ದು. ಅವರ ಬರವಣಿಗೆಯಲ್ಲಿ ಕಾಗುಣಿತ ಸರಿಯಿದೆ, ಸೊಗಸು ಸಾಲದು ಅಂತ ಅವರ ಅಪ್ಪ ಹೇಳಿದ್ದರು. ಹುಡುಗ ಒಳ್ಳೆಯ ಪ್ರಬಂಧಗಳನ್ನು ತೆಗೆದುಕೊಂಡು ಪ್ರತಿ ವಾಕ್ಯದ ಭಾವವನ್ನು ಚಿಕ್ಕದಾಗಿ ಗುರುತು ಮಾಡಿಟ್ಟುಕೊಂಡ. ಕೆಲವು ದಿನ ಬಿಟ್ಟು, ಮೂಲ ನೋಡದೆ, ಆ ಗುರುತುಗಳಿಂದ ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆದ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತನ್ನ ತಪ್ಪು ತಿದ್ದಿಕೊಂಡ. ಅದೂ ತನ್ನ ತಾಯ್ನುಡಿಯಲ್ಲಿ! ಕನ್ನಡ ಚೆನ್ನಾಗಿ ಬರೆಯಬೇಕು ಅನ್ನುವವರೂ ಇದನ್ನು ಹಾಗೇ ಮಾಡಬಹುದು. ನಾನು ಮಾಡುತ್ತೇನೆ. ಒಂದೇ ಪ್ಯಾರಾ ಸಾಕು. ಮೊದಲು ನಾನು ಹೇಳಬೇಕು, ಆಮೇಲೆ ಮೂಲ ನೋಡಬೇಕು. ಆ ಕ್ರಮ ತಪ್ಪಿದರೆ ಮತ್ತೆ ಬರೀ ಓದಿದ ಹಾಗೆ ಆಗುತ್ತದೆ.

ಪದಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ತುಂಬಾ ಬಳಕೆಯ 2000 ಪದಗಳು ಸಾಮಾನ್ಯ ಬರಹದ ಸುಮಾರು ಶೇಕಡಾ 80 ಭಾಗವನ್ನು ತುಂಬುತ್ತವೆ. ಹಾಗಾಗಿ ಅಪರೂಪದ ದೊಡ್ಡ ಪದಗಳ ಬೆನ್ನು ಹತ್ತುವ ಮೊದಲು ಇವು ಬಾಯಲ್ಲಿ ಸಲೀಸಾಗಲಿ. ಪಟ್ಟಿಯನ್ನು ಮತ್ತೆ ಮತ್ತೆ ಓದಬೇಡಿ. ಮುಚ್ಚಿಟ್ಟು ನೆನಪಿಸಿಕೊಳ್ಳಿ, ಒಂದೆರಡು ದಿನ ಬಿಟ್ಟು ಮತ್ತೆ ನೆನಪಿಸಿಕೊಳ್ಳಿ.

"ಮೂವತ್ತು ದಿನದಲ್ಲಿ ಸರಾಗವಾಗಿ ಮಾತಾಡಿ" ಅನ್ನುವ ಜಾಹೀರಾತು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಬಲ್ಲವರು ಸ್ಪ್ಯಾನಿಷ್‌ನಂಥ ಹತ್ತಿರದ ಭಾಷೆಯಲ್ಲಿ ಪಳಗಲು ಸುಮಾರು 600ರಿಂದ 700 ತರಗತಿ ಗಂಟೆ ಬೇಕು ಎಂಬುದು ಅವರ ಲೆಕ್ಕ. ಜಪಾನಿ, ಅರಬ್ಬಿಗಾದರೆ 2200. ದಿನಕ್ಕೊಂದು ಗಂಟೆ ಅಂದರೆ ಎಷ್ಟು ವರ್ಷ ಆಯಿತು ನೋಡಿ. ಮೂವತ್ತು ದಿನದಲ್ಲಿ ಬರದಿದ್ದಕ್ಕೆ "ನನ್ನ ತಲೆಗೆ ಇದು ಹತ್ತಲ್ಲ" ಅಂತ ಬಿಟ್ಟವರು ಎಷ್ಟೋ ಜನ. ಅವರಲ್ಲಿ ಕೊರತೆ ಇರಲಿಲ್ಲ, ಯಾರೋ ಸುಳ್ಳು ಲೆಕ್ಕ ಕೊಟ್ಟಿದ್ದರು.

ಇನ್ನೊಂದು ಮಾತು, ಇದು ಕಲಿಯುವವರ ಸುತ್ತ ಇರುವವರಿಗೆ. ಒಮ್ಮೆ ಒಂದು ಮೀಟಿಂಗ್‌ನಲ್ಲಿ ನಾನು ಮಾತಾಡುತ್ತಿದ್ದಾಗ ಒಬ್ಬರು ಮಧ್ಯೆ ತಡೆದು, ಎಲ್ಲರ ಮುಂದೆ ನನ್ನ ಉಚ್ಚಾರಣೆ ತಿದ್ದಿ ನಕ್ಕರು. ಅವರು ತಿದ್ದಿದ್ದು ಸರಿಯೇ. ಆದರೆ ಆಮೇಲೆ ಎರಡು ತಿಂಗಳು ನಾನು ಮೀಟಿಂಗ್‌ನಲ್ಲಿ ಬಾಯಿ ಬಿಡಲಿಲ್ಲ. ತಿದ್ದಬೇಡಿ ಅಂತಲ್ಲ. ಹೇಳುವುದು ಮುಗಿಯಲಿ, ಆಮೇಲೆ ಪಕ್ಕಕ್ಕೆ ಕರೆದು ಒಂದು ತಪ್ಪು, ಒಂದೇ ಒಂದು, ತೋರಿಸಿ.

ಆ ಹುಡುಗಿಗೆ ಇಷ್ಟನ್ನೂ ಮೆಸೇಜ್‌ನಲ್ಲಿ ಕಳಿಸಿದ್ದೆ. ನಿನ್ನೆ ರಾತ್ರಿ ಎರಡು ನಿಮಿಷದ ಆಡಿಯೋ ಬಂತು. ಒಂದು ಕಥೆಯನ್ನು ಅವಳು ಇಂಗ್ಲಿಷ್‌ನಲ್ಲಿ ಹೇಳಿದ್ದಾಳೆ. ಅದರ ಕೆಳಗೆ ಬರೆದಿದ್ದಳು: "ಅಕ್ಕಾ, ಮೂರು ಕಡೆ ಸಿನ್ಸ್ ತಪ್ಪಾಗಿದೆ. ನಾನೇ ಹಿಡಿದೆ. ನಾಳೆ ಇನ್ನೊಂದ್ಸಲ ಹೇಳಿ ಕಳಿಸ್ತೀನಿ."