ಹೊಲಕ್ಕೊಂದು ಬಾಗಿಲು, ಎರಡು ಕಿಟಕಿ

ಗ್ಲೈಫೋಸೇಟ್ ಎಂಬ ಕಳೆನಾಶಕದಿಂದ ಮನುಷ್ಯರಿಗೂ ದನಕರುಗಳಿಗೂ ಅಪಾಯವಿದೆ ಎಂದು ಕೇಂದ್ರ ಕೃಷಿ ಸಚಿವಾಲಯಕ್ಕೆ 2022ರ ಅಕ್ಟೋಬರ್‌ನಲ್ಲಿ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಮಾರಾಟ ನಿಲ್ಲಿಸುವುದು ಒರಟರ ಕೆಲಸ. ದಿಲ್ಲಿಯವರು ನಾಜೂಕಿನವರು: ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕವಲ್ಲದೆ ಯಾರೂ ಅದನ್ನು ಹೊಡೆಯಕೂಡದೆಂದು ಅಧಿಸೂಚನೆ ಹೊರಡಿಸಿದರು.

ಮುಧೋಳ, ಜಮಖಂಡಿ ಕಡೆ ಪೆಸ್ಟ್ ಕಂಟ್ರೋಲ್ ಅಂದರೆ ಲಾಡ್ಜಿನ ತಿಗಣೆ, ಬ್ಯಾಂಕಿನ ಗೆದ್ದಲು ಓಡಿಸಲು ಬರುವ ಹುಡುಗರು. ಕಾನೂನಿಗೆ ಅಂಜುವ ನಮ್ಮ ಕಾಕಾ ಅವರಿಗೇ ಫೋನ್ ಹಚ್ಚಿದರು. ಕಬ್ಬಿನಾಗ ಜೇಕಿನ ಕಸ ಎದ್ದೈತಿ, ಬಂದು ಎಣ್ಣಿ ಹೊಡೀರಿ ಅಂದರು. ಆ ಕಡೆಯ ಹುಡುಗ, "ಎಷ್ಟು ರೂಮ್ ಅದಾವ್ರಿ?" ಎಂದು ಕೇಳಿ, ಹೊಡೆದ ಮೇಲೆ ಮೂರು ತಾಸು ಬಾಗಿಲು, ಕಿಟಕಿ ತೆರೆಯಬೇಡಿ ಎಂದು ಎಚ್ಚರಿಸಿದ.

ಇನ್ನೊಂದು ಸೊಗಸೂ ಇದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಒಪ್ಪಿಗೆ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಬಾಗಲಕೋಟೆಯವರು ಚಹಾ ಕುಡಿಯುತ್ತಾರೆ, ಬೆಳೆಯುವುದಿಲ್ಲ.

"ಕಾಕಾ, ಕಬ್ಬಿಗೆ ಇದನ್ನ ಹೊಡಿಯಾಕ ಒಪ್ಪಿಗೆ ಇಲ್ಲಂತಲ್ರಿ?"

"ಕಬ್ಬಿಗೆ ಯಾಂವ ಹೊಡಿತಾನೋ ತಮ್ಮಾ? ಬಿದ್ರ ಕಬ್ಬs ಸಾಯ್ತೈತಿ. ನಾ ಹೊಡಿಯೂದು ಸಾಲಿನ ನಡುವ. ಅಲ್ಲೇನ್ ಬೆಳದೈತಿ? ಬೆಳಿ ಇಲ್ಲದ ಜಾಗಾ ಹೌದಿಲ್ಲೋ?"

ಇದಕ್ಕೆ ಸುಪ್ರೀಂ ಕೋರ್ಟಿನಲ್ಲೂ ಉತ್ತರ ಸಿಗುವುದು ಕಷ್ಟ. ಕಾಲುವೆ ದಂಡೆಯೂ ಹಾಗೆ ನೋಡಿದರೆ ಬೆಳೆ ಇಲ್ಲದ ಜಾಗವೇ. ಪಕ್ಕದಲ್ಲಿ ಹರಿಯುವ ನೀರು ಮುಂದಿನ ಊರಿಗೆ ಹೋಗುತ್ತದೆ ಎಂಬುದು ಆ ಊರಿನವರ ತಲೆನೋವು.

ಅಂಗಡಿ ಸಾವ್ಕಾರರು ನನಗಿಂತ ಹೆಚ್ಚು ಓದಿಕೊಂಡವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತಲ್ಲ ಅಂದರೆ, "65 ಡಿಗ್ರಿ ದಾಟಿದ ಚಹಾನೂ ಅದs ಪಟ್ಟಿಯಾಗ ಐತ್ರಿ, ಬಿಡ್ತೀರೇನು?" ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಚಹಾವನ್ನು ಬೆನ್ನಿಗೆ ಕಟ್ಟಿಕೊಂಡು, ಬರಿಗಾಲಲ್ಲಿ ದಿನವಿಡೀ ಹೊಲದ ತುಂಬ ಸುರಿಯುತ್ತ ಹೋಗುವವರನ್ನು ನಾನಂತೂ ಕಂಡಿಲ್ಲ. ಗ್ಲೈಫೋಸೇಟ್ ಗಿಡದೊಳಗಿನ ಒಂದು ಕಿಣ್ವವನ್ನು ತಡೆಯುತ್ತದೆ, ಮನುಷ್ಯನಲ್ಲಿ ಆ ಕಿಣ್ವವೇ ಇಲ್ಲ ಎಂದೂ ಅವರು ಹೇಳುತ್ತಾರೆ. ಅದೂ ನಿಜ. ಮಣ್ಣಿನ ಎಷ್ಟೋ ಸೂಕ್ಷ್ಮಜೀವಿಗಳಲ್ಲಿ ಅದಿದೆ, ಆದರೆ ಅವುಗಳ ಹೆಸರು ಮತದಾರರ ಪಟ್ಟಿಯಲ್ಲಿಲ್ಲ. ಎಲೆಗೆ ಅಂಟಲೆಂದು ಬೆರೆಸುವ ಕೆಲವು ದ್ರಾವಣಗಳು ಮೀನು, ಕಪ್ಪೆಗಳಿಗೆ ಗ್ಲೈಫೋಸೇಟಿಗಿಂತಲೂ ಹೆಚ್ಚು ವಿಷ. ಅವೂ ಓಟು ಹಾಕುವುದಿಲ್ಲ.

ಕ್ಯಾನಿನ ಚೀಟಿ ಕೈಗವಸು, ಮುಖಗವಸು, ಬೂಟು ಹಾಕಿಕೊಳ್ಳಿ ಅನ್ನುತ್ತದೆ. ಮೇ ತಿಂಗಳ ಬಿಸಿಲಿಗೆ ಬನಿಯನ್ನೇ ಹೆಚ್ಚು. ನಾಝಲ್ ಕಟ್ಟಿಕೊಂಡರೆ ಬಾಯಿಟ್ಟು ಊದುವುದು. ಖಾಲಿ ಕ್ಯಾನ್ ಒಡೆದು ಹೂಳಬೇಕಂತೆ. ಗಟ್ಟಿ ಹಿಡಿಕೆಯ ಕ್ಯಾನನ್ನು ಯಾರು ಹೂಳುತ್ತಾರೆ? ಅದರಲ್ಲಿ ಪಂಪ್‌ಸೆಟ್ಟಿನ ಡೀಸೆಲ್ ಇರುತ್ತದೆ, ಕೆಲವು ಸಲ ಕುಡಿಯುವ ನೀರೂ. ಕುರ್ಪಿ ಹಿಡಿದು ಕಸ ತೆಗೆಯುವ ಆಳು ಎಲ್ಲಿ ಸಿಗುತ್ತಾರೆ ಎಂಬುದಕ್ಕೆ ಮಾತ್ರ ಯಾವ ಚೀಟಿಯಲ್ಲೂ ಸಾಲಿಲ್ಲ.

ಕಾಕಾ ಕೊನೆಗೆ ಎರಡು ಕ್ಯಾನ್ ಒಯ್ದರು.

"ಸಾವ್ಕಾರ್ರ, ಬಿಲ್ಲಿನಾಗ ಏನಂತ ಬರದ್ರಿ?"

"ಚಹಾ ತೋಟಕ್ಕ ಅಂತ."

ಕಾಕಾ ಬಿಲ್ಲನ್ನು ಮಡಿಚಿ ಒಳಜೇಬಿಗೆ ಹಾಕಿಕೊಂಡರು. ಈ ಸಲ ಮಳೆ ಕೈಕೊಟ್ಟರೆ ಚಹಾ ಬೆಳೆಗೆ ಪರಿಹಾರ ಎಷ್ಟು ಬರುತ್ತದೆಂದು ಕಂದಾಯ ಕಚೇರಿಯಲ್ಲಿ ವಿಚಾರಿಸಬೇಕಂತೆ.