ಅರಮನೆಯ ಮುಂದೊಂದು ಬಟ್ಟೆ ಕ್ಲಿಪ್ಪು

ಬಯಲಿನಲ್ಲಿ ಕೂತು ಸಂಗೀತ ಕೇಳುವುದೆಂದರೆ ಮುಕ್ಕಾಲು ಪಾಲು ಬಯಲನ್ನೇ ಕೇಳುವುದು. ಉಳಿದ ಕಾಲು ಪಾಲು ಸಂಗೀತ. ಈ ಲೆಕ್ಕ ನನಗೆ ಸಿಕ್ಕಿದ್ದು ದಸರೆಯ ಒಂದು ಶನಿವಾರ, ಅಮ್ಮನನ್ನು ಕರೆದುಕೊಂಡು ಮೈಸೂರು ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ಕೇಳಲು ಹೋದಾಗ.

ದಸರೆಯಲ್ಲಿ ಅರಮನೆಯ ಸುತ್ತ ಏಕಮುಖ ಸಂಚಾರ. ಆಟೋದವನು ನಮಗೆ ಅರಮನೆಯ ಪ್ರದಕ್ಷಿಣೆ ಮಾಡಿಸಿಯೇ ಇಳಿಸಿದ. ಬಾಗಿಲಲ್ಲಿ ಅಮ್ಮನ ಚೀಲದ ಡಬ್ಬಿ ತಪಾಸಣೆಗೆ ಸಿಕ್ಕಿಬಿತ್ತು. “ಇದೇನಮ್ಮ?” “ಕೋಡುಬಳೆ.” ಪೇದೆ ಮುಚ್ಚಳ ತೆಗೆದು ನೋಡಿ ಮುಚ್ಚಿದ. “ಎರಡು ತೆಗೆದುಕೊಳ್ಳಪ್ಪ” ಎಂದರೂ ತೆಗೆದುಕೊಳ್ಳಲಿಲ್ಲ. ಅಮ್ಮನಿಗೆ ಅದೊಂದು ಕೊರಗು ಬಹಳ ಹೊತ್ತು ಉಳಿಯಿತು.

ನಮಗೆ ಕುರ್ಚಿ ಸಿಕ್ಕಿದ್ದು ನಡುವಿನ ಸಾಲಿನಲ್ಲಿ. ಮುಂದಿನವರು ಮೊಬೈಲ್ ಎತ್ತಿ ಹಿಡಿದಿದ್ದರಿಂದ ಅಷ್ಟು ದೊಡ್ಡ ವಾದ್ಯವೃಂದವನ್ನು ನಾನು ಅಂಗೈಯಗಲದ ಪರದೆಯಲ್ಲಿ ನೋಡಬೇಕಾಯಿತು. ಅಮ್ಮನ ಕಣ್ಣು ಮಾತ್ರ ಸಂದಿಯಲ್ಲಿ ತೂರಿಕೊಂಡು ನೇರವಾಗಿ ವೇದಿಕೆಗೆ ಹೋಗಿತ್ತು. “ನೋಡೋ, ನಮ್ಮ ಮನೆಯ ಕ್ಲಿಪ್ಪು!”

ನಿಜವೇ. ಗಾಳಿಗೆ ಸ್ವರಲಿಪಿಯ ಹಾಳೆಗಳು ಹಾರಬಾರದೆಂದು ಪ್ರತಿ ಸ್ಟ್ಯಾಂಡಿಗೂ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸಿದ್ದರು. ಗುಲಾಬಿ, ನೀಲಿ, ಹಸಿರು. ಇಸ್ತ್ರಿ ಹಾಕಿದ ಸಮವಸ್ತ್ರ, ಬೆಳಗಿದ ಹಿತ್ತಾಳೆ, ಅವರ ಬೆನ್ನ ಹಿಂದೆ, 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕಟ್ಟಿಸಿದ ಕಲ್ಲಿನ ಅರಮನೆ. ಇಷ್ಟರ ನಡುವೆ ನಮ್ಮ ಹಿತ್ತಿಲ ಹಗ್ಗದಿಂದ ಇಳಿದು ಬಂದಂತೆ ಆ ಕ್ಲಿಪ್ಪುಗಳು. ಒಂದು ಗಾಳಿ ಬಂದಾಗ ತುತ್ತೂರಿಯವನ ಹಾಳೆ ಅರ್ಧ ಮಗುಚಿತು; ಅವನು ಒಂದು ಕೈಯಲ್ಲಿ ಊದುತ್ತ, ಮೊಣಕೈಯಲ್ಲಿ ಹಾಳೆಯನ್ನು ಒತ್ತಿ ಹಿಡಿದ. ಅಪಸ್ವರ ಬರಲಿಲ್ಲ. ಬಂದಿದ್ದರೂ ನನಗೆ ತಿಳಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಅರಮನೆಯ ವಾದ್ಯವೃಂದದ ಪರಂಪರೆಯಿಂದ ಬಂದದ್ದು ಈ ಬ್ಯಾಂಡ್. ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಸಂಗೀತದ ಬ್ಯಾಂಡ್ ಬೇರೆ. ಒಡೆಯರಿಗೆ ಎರಡೂ ಬೇಕಾಗಿದ್ದವು. ಜಯಚಾಮರಾಜ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರೇ 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗಕ್ಕೆ ಹಣದ ಹೊಣೆ ಹೊತ್ತವರು. ಇದನ್ನು ಅಮ್ಮನ ಕಿವಿಯಲ್ಲಿ ಹೇಳಿದೆ. “ನಮ್ಮ ಕಂದಾಯದ ದುಡ್ಡೇ ತಾನೇ” ಎಂದಳು. ಅವಳ ತಂದೆ ಮಂಡ್ಯದ ಕಡೆ ಎರಡು ಎಕರೆ ಗದ್ದೆ ಇಟ್ಟುಕೊಂಡಿದ್ದವರು. ಆ ಹಾಡುಗಳಲ್ಲಿ ತನಗೂ ಒಂದು ಪಾಲಿದೆ ಎನ್ನುವಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಎರಡು ರಚನೆಗಳ ನಡುವೆ ಮತ್ತೆ ಶ್ರುತಿ ನೋಡಿಕೊಂಡರು. ಸಂಜೆ ತಂಪಾದಂತೆ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ, ಪಿಟೀಲಿನ ತಂತಿ ಬಿಗಿದು ಶ್ರುತಿ ಏರುತ್ತದೆ. ಒಂದೇ ಮನೆಯಲ್ಲಿ ಒಬ್ಬರು ಫ್ಯಾನ್ ಹಾಕಿ ಎನ್ನುವುದು, ಇನ್ನೊಬ್ಬರು ಆರಿಸಿ ಎನ್ನುವುದು ಇದ್ದಂತೆ. ಕೊಳಲಿನಾಕೆ ಸದ್ದಿಲ್ಲದೆ ಬಿಸಿಯುಸಿರು ತುಂಬಿ ವಾದ್ಯವನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು, ಎಳೆಗೂಸಿನ ಕೈಗೆ ಊದಿದ ಹಾಗೆ.

‘ಕಾಯೌ ಶ್ರೀ ಗೌರಿ’ ಶುರುವಾಯಿತು. ಬಸಪ್ಪ ಶಾಸ್ತ್ರಿಗಳು ಬರೆದ, ಮೈಸೂರು ಸಂಸ್ಥಾನದ ನಾಡಗೀತೆ. ಅಮ್ಮನಿಗೆ ಅವಳ ತಾಯಿ ಕಲಿಸಿದ್ದು. ಅವಳು ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ಹಿಂದಿನಿಂದ ಯಾರೋ, “ಅಜ್ಜಿ, ಕೂತುಕೊಳ್ಳಿ, ಕಾಣಿಸುತ್ತಿಲ್ಲ” ಎಂದರು. ಅವಳು ಕೂರಲಿಲ್ಲ. ಅತ್ತ ಮೂಲೆಯಲ್ಲಿ ಇನ್ನೊಬ್ಬ ಮುದುಕರೂ ನಿಂತಿದ್ದರು. ಇಬ್ಬರೂ ಜನರ ತಲೆಗಳ ಮೇಲೆ ಪರಸ್ಪರ ನೋಡಿಕೊಂಡರು.

ಏಳು ಗಂಟೆಗೆ ಸರಿಯಾಗಿ ದೀಪ. ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಗೇ ಹತ್ತಿದವು. ನೆರೆದ ಜನರೆಲ್ಲ “ಓ” ಎಂದರು. ಯಾರೂ ಕೋಲು ಬೀಸದೆ, ಯಾರೂ ತಾಲೀಮು ಮಾಡಿಸದೆ ಅಷ್ಟು ಬಾಯಿಗಳು ಒಟ್ಟಿಗೆ ತೆರೆದದ್ದು ಆವತ್ತಿನ ಒಳ್ಳೆಯ ಪ್ರಯೋಗ ಎನ್ನಿಸಿತು, ಬ್ಯಾಂಡಿನವರು ಮುನಿಸಿಕೊಳ್ಳಬಾರದು. ಅದರ ಬೆನ್ನಿಗೇ ಒಂದು ಮಗು ಅಳು ತೆಗೆಯಿತು, ಹೊರಗಿನಿಂದ ಬಸ್ಸಿನ ಹಾರನ್ನು ಕೇಳಿಸಿತು. ಬಿಡಾರದಲ್ಲಿ ಬೀಡುಬಿಟ್ಟಿದ್ದ ದಸರಾ ಆನೆಗಳ ಕಡೆಯಿಂದ ಮಾತ್ರ ಒಂದು ಸದ್ದೂ ಇಲ್ಲ. ಅವಕ್ಕೆ ಕುಶಾಲತೋಪಿನ ತಾಲೀಮು ಆಗಿದೆ, ಡೋಲಿಗೆಲ್ಲ ಬೆಚ್ಚುವುದಿಲ್ಲ. ನಮ್ಮ ಪಕ್ಕದವರಿಗೆ ಅಂಥ ತಾಲೀಮು ಇರಲಿಲ್ಲ. ತಾಳ ಮೊಳಗಿದಾಗಲೆಲ್ಲ ಅವರ ಕಡಲೆಕಾಯಿ ನನ್ನ ತೊಡೆಗೆ ಚೆಲ್ಲುತ್ತಿತ್ತು. ಆರಿಸಿ ಕೊಡುವುದೋ ತಿನ್ನುವುದೋ ತಿಳಿಯದೆ ತಿಂದೆ.

ಮುಗಿದ ಮೇಲೆ ಹೊರಗೆ ಚುರುಮುರಿ ಗಾಡಿಯ ಮುಂದೆ ನಿಂತೆವು. ಪಕ್ಕದಲ್ಲಿ ಅದೇ ತುತ್ತೂರಿಯವನು, ವಾದ್ಯದ ಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಪೊಟ್ಟಣಕ್ಕೆ ಕೈಚಾಚಿದ್ದ. ಜೇಬಿನ ಅಂಚಿನಲ್ಲಿ ಒಂದು ಗುಲಾಬಿ ಕ್ಲಿಪ್ಪು ಉಳಿದುಬಿಟ್ಟಿತ್ತು. ಅಮ್ಮ ಬೆರಳು ತೋರಿಸಿ ಹೇಳಿದಳು. ಅವನು ನೋಡಿಕೊಂಡು ನಕ್ಕ.

“ಮನೆಯವಳದ್ದಮ್ಮ. ಹನ್ನೆರಡು ಎಣಿಸಿ ಕೊಟ್ಟಿದ್ದಾಳೆ.”

ಅಮ್ಮ ಡಬ್ಬಿ ತೆಗೆದಳು. ಇವನು ಎರಡು ಕೋಡುಬಳೆ ತೆಗೆದುಕೊಂಡ.