ಮೇಕರ್ ಒತ್ತಿದರು, ಚೆಕರ್ ರಜೆ

ಹಾಸನದಲ್ಲಿ ಪಿಎಚ್‌ಡಿ ಮಾಡುವವರಿಗೆ ಬಾಡಿಗೆ ಮನೆ ಸಿಗುವುದು ಸುಲಭವಲ್ಲ. ನಮ್ಮ ಪರಿಚಯದ ಹುಡುಗಿಯೊಬ್ಬಳು ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಹೆಸರು ನೋಂದಾಯಿಸಿದ ವಿವಿ ದೂರದ್ದು. ಓದಬೇಕಾದ ಕಲ್ಲುಗಳೆಲ್ಲ ಈ ಜಿಲ್ಲೆಯವು. ಹಾಗಾಗಿ ವಿದ್ಯಾನಗರದಲ್ಲಿ ಒಂದು ರೂಮು ಕೇಳಲು ಹೋದಳು.

"ತಿಂಗಳಿಗೆ ಎಷ್ಟು ಬರುತ್ತಮ್ಮ?"

"37 ಸಾವಿರ ಅಂಕಲ್. ಜೆಆರ್‌ಎಫ್."

ಮಾಲೀಕರ ಮುಖ ಅರಳಿತು. "ಪರವಾಗಿಲ್ವೇ! ಎಷ್ಟನೇ ತಾರೀಖು ಆಗುತ್ತೆ?"

"ತಾರೀಖು ಅಂತ ಏನೂ ಇಲ್ಲ ಅಂಕಲ್. ತಿಂಗಳೂ ಗೊತ್ತಿಲ್ಲ. ವರ್ಷ ಮಾತ್ರ ಹೇಳಬಹುದು."

ರೂಮು ಫೈನಾನ್ಸ್ ಕಂಪನಿಯ ವಸೂಲಿ ಹುಡುಗನಿಗೆ ಹೋಯಿತು.

37 ಸಾವಿರ ಸುಳ್ಳಲ್ಲ. 2023ರ ಜನವರಿ 1ರಿಂದ ಕೇಂದ್ರ ಸರ್ಕಾರ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ ಮೊತ್ತವನ್ನು 31 ಸಾವಿರದಿಂದ 37 ಸಾವಿರಕ್ಕೆ ಏರಿಸಿದೆ. ಎರಡು ವರ್ಷ ಕಳೆದು ಹಿರಿಯ ಫೆಲೋ ಆದರೆ 42 ಸಾವಿರ. ಮನೆ ಬಾಡಿಗೆ ಭತ್ಯೆ ಬೇರೆ. ಸಣ್ಣ ಊರಿನ ವಿವಿಯಾದರೆ ಅದು ಮೂರು ಸಾವಿರ ಚಿಲ್ಲರೆ. ಆ ದುಡ್ಡಿಗೆ ಹಾಸನದಲ್ಲಿ ಮನೆಯ ಗೇಟು ಬಾಡಿಗೆಗೆ ಸಿಗಬಹುದು. ಆದರೂ ಒಟ್ಟು ಮೊತ್ತ ಮರ್ಯಾದೆಯದ್ದೇ. ತಕರಾರು ಮೊತ್ತದ್ದಲ್ಲ, ಅದು ಬರುವ ದಾರಿಯದ್ದು.

ದಾರಿ ಹೀಗಿದೆ. ಈ ಹುಡುಗಿ ಈ ತಿಂಗಳೂ ಸಂಶೋಧನೆ ಮುಂದುವರಿಸಿದ್ದಾಳೆ ಎಂದು ವಿವಿಯವರು ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಒಬ್ಬರು ವಿವರ ತುಂಬಿ ಬಟನ್ ಒತ್ತಬೇಕು. ಅವರು ಮೇಕರ್. ಇನ್ನೊಬ್ಬರು ಅದನ್ನು ನೋಡಿ, ಹೌದು ಎಂದು ಇನ್ನೊಂದು ಬಟನ್ ಒತ್ತಬೇಕು. ಅವರು ಚೆಕರ್. ಇಬ್ಬರೂ ಒತ್ತಿದರೆ ದುಡ್ಡು ಹೊರಡುತ್ತದೆ. ಮೇಕರ್ ಇದ್ದ ದಿನ ಚೆಕರ್ ರಜೆ. ಚೆಕರ್ ಬಂದ ದಿನ ಸರ್ವರ್ ರಜೆ. ಮೂವರೂ ಕೂಡಿದ ದಿನ ವಿವಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಿರುತ್ತದೆ. ಆಗ ಇಡೀ ಕಚೇರಿ ಕಾಂಪೌಂಡಿಗೆ ಸುಣ್ಣ ಹೊಡೆಸುವುದರಲ್ಲಿ ಮುಳುಗಿರುತ್ತದೆ.

ಪಿಂಚಣಿ ಪಡೆಯುವ ಹಿರಿಯರು ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಟ್ಟರೆ ಸಾಕು. ಇಪ್ಪತ್ತೈದರ ಹುಡುಗಿಗೆ ಇದು ತಿಂಗಳ ಕೆಲಸ. 80 ದಾಟಿದ ಅಜ್ಜನ ಆಯುಸ್ಸಿನ ಮೇಲೆ ಸರ್ಕಾರಕ್ಕೆ ಇರುವ ನಂಬಿಕೆ ಸಂಶೋಧಕರ ಆಯುಸ್ಸಿನ ಮೇಲೆ ಇಲ್ಲ. ಫೆಲೋಶಿಪ್ ಪಡೆಯುವಾಗ ಬೇರೆ ಕೆಲಸ ಮಾಡುವಂತಿಲ್ಲ ಎಂಬ ನಿಯಮ ಬೇರೆ ಇದೆ. ದುಡ್ಡು ಬರದ ತಿಂಗಳುಗಳಲ್ಲಿ ಈ ನಿಯಮ ಮಾತ್ರ ತಪ್ಪದೆ ಜಾರಿಯಲ್ಲಿರುತ್ತದೆ.

ಇನ್ನು ಖರ್ಚಿನ ಬಾಬ್ತು. ಕಲಾ ವಿಭಾಗದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 10 ಸಾವಿರ ರೂಪಾಯಿ ಕಂಟಿಂಜೆನ್ಸಿ. ಪುಸ್ತಕ, ಜೆರಾಕ್ಸ್, ಓಡಾಟ ಎಲ್ಲ ಅದರಲ್ಲೇ. ನಮ್ಮ ಹುಡುಗಿ ಬೇಲೂರಿನಿಂದ ಹಲ್ಮಿಡಿಗೆ ಆಟೋದಲ್ಲಿ ಹೋದಳು. ಅಲ್ಲಿಂದ ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿಗೂ ಹೋದಳು. ಹೊಯ್ಸಳರು ಹುಟ್ಟಿದ ಊರು ಅಲ್ವಾ, ಬಿಡುವುದು ಹೇಗೆ? ವಾಪಸ್ ಬಂದು ಕಚೇರಿಗೆ ಲೆಕ್ಕ ಕೊಟ್ಟಳು.

"ಆಟೋದವರ ಜಿಎಸ್‌ಟಿ ಬಿಲ್ ಎಲ್ಲಿ ಮೇಡಂ?"

"ಆಟೋದವರು ಜಿಎಸ್‌ಟಿ ಬಿಲ್ ಕೊಡ್ತಾರಾ ಸರ್?"

"ಕೊಡೋ ಆಟೋದಲ್ಲಿ ಹೋಗಬೇಕಿತ್ತು."

ಈ ಹುಡುಗಿ ಓದುತ್ತಿರುವುದೇ ದಾನಶಾಸನಗಳನ್ನು. ಅಂದರೆ ಹಿಂದಿನ ಸರ್ಕಾರಗಳು ಯಾರಿಗೆ, ಏನು, ಯಾಕೆ ಕೊಟ್ಟವು ಎಂಬ ಆದೇಶಗಳನ್ನು. ಹಲ್ಮಿಡಿ ಶಾಸನ ನೋಡಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು, ಕ್ರಿ.ಶ. 450ರ ಆಸುಪಾಸಿನದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಯುದ್ಧದಲ್ಲಿ ಕೆಚ್ಚು ತೋರಿದ ವಿಜ ಅರಸನಿಗೆ ಎರಡು ಊರು ಕೊಟ್ಟ ಸಂಗತಿ ಅದರಲ್ಲಿದೆ. ಇಡೀ ಮಂಜೂರಾತಿ ಆದೇಶ 16 ಸಾಲು. ಅನುಬಂಧ ಇಲ್ಲ. ಮುಂದುವರಿಕೆ ಪ್ರಮಾಣಪತ್ರ ಇಲ್ಲ. 'ವಿಜ ಅರಸ ಈ ತಿಂಗಳೂ ವೀರನಾಗಿಯೇ ಮುಂದುವರಿದಿದ್ದಾನೆ' ಎಂದು ಬರೆದುಕೊಡುವ ಮೇಕರ್ ಇಲ್ಲ. ಕೊಟ್ಟರು, ಕೆತ್ತಿಸಿದರು, ಮುಗಿಯಿತು.

ಇಷ್ಟೆಲ್ಲ ಹೇಳಿದ್ದು ಫೆಲೋಶಿಪ್ ಸಿಕ್ಕ ಪುಣ್ಯವಂತರ ಕಥೆ. ಸಿಗದವರೇ ಜಾಸ್ತಿ. ಕೇಂದ್ರೀಯ ವಿವಿಗಳಲ್ಲಿ ನೆಟ್ (ಜೆಆರ್‌ಎಫ್‌ಗೆ ದಾರಿಯಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 8 ಸಾವಿರ ಕೊಡುವ ವ್ಯವಸ್ಥೆ ಇದೆ. ಅದನ್ನೂ ನಿಲ್ಲಿಸುತ್ತೇವೆ ಎಂದು 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಟಾಗ ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಅದರ ಕಚೇರಿ ಮುಂದೆಯೇ ಕೂತರು. ಹಾಸನ, ಚಿಕ್ಕಮಗಳೂರಿನ ಮಕ್ಕಳು ಹೆಚ್ಚಾಗಿ ಸೇರುವುದು ರಾಜ್ಯದ ವಿವಿಗಳಿಗೆ. ಅಲ್ಲಿ ಆ 8 ಸಾವಿರವೂ ಇಲ್ಲ. ಹಾಗಾದರೆ ಜೆಆರ್‌ಎಫ್ ಪಾಸು ಮಾಡಲಿ ಎನ್ನುತ್ತೀರಾ? ಮಾಡಲು ಹೋದರು. 2024ರ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಜನ ನೆಟ್ ಬರೆದರು. 19ಕ್ಕೆ ಪರೀಕ್ಷೆಯೇ ರದ್ದಾಯಿತು. ಪ್ರಶ್ನೆಪತ್ರಿಕೆ ಸೋರಿದೆ ಎಂದು ತೋರಿಸಿದ ಸ್ಕ್ರೀನ್‌ಶಾಟನ್ನು ಯಾರೋ ತಿದ್ದಿದ್ದರು ಎಂಬುದು ಆಮೇಲೆ ಸಿಬಿಐ ತನಿಖೆಯಲ್ಲಿ ತಿಳಿಯಿತು. ಪುಣ್ಯಾತ್ಮರು ಒಂದು ಚಿತ್ರ ತಿದ್ದುವುದರಲ್ಲಿ ತೋರಿದ ಶ್ರದ್ಧೆಗೆ ಒಂದು ಡಾಕ್ಟರೇಟ್ ಕೊಡಬಹುದಿತ್ತು.

ನಮ್ಮೂರಿಗೇ ಒಂದು ವಿವಿ ಬಂತಲ್ಲ ಎಂದು ನೀವು ಕೇಳಬಹುದು. ಬಂತು. ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಬೋರ್ಡು ಬದಲಾಯಿತು, ಕುಲಪತಿ ಬಂದರು, ಊರಲ್ಲಿ ಫ್ಲೆಕ್ಸ್ ಕಟ್ಟಿದರು. ಶುರುವಿಗೆ ಕೊಟ್ಟ ದುಡ್ಡು 2 ಕೋಟಿ. ನಾನು ಸುಮ್ನೆ ಒಂದು ಭಾಗಾಕಾರ ಮಾಡಿದೆ. 37 ಸಾವಿರದ ಲೆಕ್ಕದಲ್ಲಿ ಒಬ್ಬ ಫೆಲೋಗೆ ವರ್ಷಕ್ಕೆ 4 ಲಕ್ಷದ 44 ಸಾವಿರ. ಅಂದರೆ ಒಂದು ಇಡೀ ವಿಶ್ವವಿದ್ಯಾಲಯದ ಬಂಡವಾಳದಲ್ಲಿ 45 ಫೆಲೋಗಳನ್ನು ಒಂದು ವರ್ಷ ಸಾಕಬಹುದು. ಎರಡನೇ ವರ್ಷಕ್ಕೆ ಕಟ್ಟಡ ಮಾರಬೇಕು.

ಆಮೇಲೆ ಸರ್ಕಾರ ಬದಲಾಯಿತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಹಾಸನವೂ ಸೇರಿದಂತೆ 9 ವಿವಿಗಳನ್ನು ಮುಚ್ಚುವುದು ಒಳ್ಳೆಯದು ಎಂದಿತು. ಕಾರಣ, ದುಡ್ಡಿಲ್ಲ. ದುಡ್ಡಿಲ್ಲದೆ ಹುಟ್ಟಿಸಿದವರು ಒಬ್ಬರು, ದುಡ್ಡಿಲ್ಲ ಎಂದು ಕಂಡುಹಿಡಿದವರು ಇನ್ನೊಬ್ಬರು. ಸಂಶೋಧನೆ ಎಂದರೆ ಇದೇ ಅಲ್ವಾ? ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಖಂಡಿಸಬೇಕು. ಪಿಎಚ್‌ಡಿಗೆ ಗರಿಷ್ಠ ಅವಧಿ 6 ವರ್ಷ ಎಂದು ಯುಜಿಸಿ ನಿಯಮ ಹೇಳುತ್ತದೆ. ವಿವಿಗೆ ಕನಿಷ್ಠ ಅವಧಿ ಎಷ್ಟು ಎಂದು ಯಾವ ನಿಯಮವೂ ಹೇಳಿದಂತಿಲ್ಲ.

ದಿಲ್ಲಿಯಲ್ಲಿ ಮಾತ್ರ ಎಲ್ಲವೂ ಭರ್ಜರಿ. 2023ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಕಾಯ್ದೆ ತಂದರು. ಐದು ವರ್ಷಕ್ಕೆ 50 ಸಾವಿರ ಕೋಟಿ ಎಂದರು. ಹಾಸನದ ಕಾಫಿ ಹೋಟೆಲಿನಲ್ಲಿ ಪೇಪರ್ ಓದುತ್ತಿದ್ದವರೂ ಲೋಟ ಕೆಳಗಿಟ್ಟರು. ಒಳಗೆ ಓದಿದರೆ, ಸರ್ಕಾರದ ಪಾಲು 14 ಸಾವಿರ ಕೋಟಿ. ಉಳಿದ 36 ಸಾವಿರ ಕೋಟಿ ಉದ್ಯಮಿಗಳು, ದಾನಿಗಳು, ಇತರರಿಂದ ಬರಬೇಕು. ಮದುವೆ ಮನೆಯವನು ಭಾರಿ ಊಟ ಎಂದು ಊರೆಲ್ಲ ಸಾರಿ, ಖರ್ಚನ್ನು ಬರುವ ಮುಯ್ಯಿಯಲ್ಲಿ ತೀರಿಸುತ್ತೇನೆ ಎಂದ ಹಾಗಾಯಿತು. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ನಾವು ಹಾಕುವುದು 2020-21ರ ಲೆಕ್ಕದಲ್ಲಿ ಶೇಕಡ 0.64. ಭಾಷಣದಲ್ಲಿ ಹಾಕುವುದನ್ನು ಇನ್ನೂ ಯಾರೂ ಅಳೆದಿಲ್ಲ.

ಹೀಗಿರುವಾಗ ನನ್ನದೊಂದು ಸಲಹೆ. ಫೆಲೋಶಿಪ್ ಆದೇಶಗಳನ್ನು ಇನ್ನು ಮುಂದೆ ಕಲ್ಲಿನಲ್ಲಿ ಕೆತ್ತಿಸಿ. ಈ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಮುಖ್ಯವಾಗಿ, ಹಳೆಯ ಶಾಸನಗಳ ಕೊನೆಯಲ್ಲಿ ಇರುತ್ತಿದ್ದ ಶಾಪವನ್ನು ವಾಪಸ್ ತನ್ನಿ. ಹಲ್ಮಿಡಿಯಲ್ಲೇ ಇದೆ, ದತ್ತಿ ಕೆಡಿಸಿದವನಿಗೆ ಮಹಾಪಾತಕ ಎಂದು. ಮುಂದಿನ ಕಾಲದ ಶಾಸನಗಳಲ್ಲಿ ಇನ್ನೂ ವಿವರವಾಗಿ ಬರೆದಿದ್ದಾರೆ. ಕೊಟ್ಟದ್ದನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನಂತೆ. ಆಗಿನ ಕಾಲದ ದೂರು ನಿವಾರಣಾ ವ್ಯವಸ್ಥೆ ಅದು. ಈಗಿನ ಟೋಲ್ ಫ್ರೀ ನಂಬರಿಗಿಂತ ಅದಕ್ಕೆ ಜನ ಹೆಚ್ಚು ಹೆದರುತ್ತಿದ್ದರು.

ಇದನ್ನು ನಿವೃತ್ತ ಗುಮಾಸ್ತರೊಬ್ಬರ ಹತ್ತಿರ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಫೈಲು ತಿರುಗಿಸುವವರ ದನಿಯಲ್ಲೇ ಕೇಳಿದರು:

"ಶಾಪ ಹಾಕಬಹುದು ಸ್ವಾಮಿ, ತೊಂದರೆ ಇಲ್ಲ. ಆದರೆ 60 ಸಾವಿರ ವರ್ಷ ಅಂತೀರಿ. ಅವನು ಹುಳವಾಗಿಯೇ ಮುಂದುವರಿದಿದ್ದಾನೆ ಅಂತ ತಿಂಗಳು ತಿಂಗಳು ದೃಢಪಡಿಸೋಕೆ ಮೇಕರ್ ಯಾರು, ಚೆಕರ್ ಯಾರು?"